ದೊಡ್ಡಮ್ಮನ ತಲೆಯ ನೀಲಿ ಚುಕ್ಕೆ

"ಚೂಟೀ, ಬಾಗಿಲ ಹಿಂದೆ ತಗಡಿನ ಡಬ್ಬಿ ನೇತುಹಾಕಿದೆ ನೋಡು. ಅದರಲ್ಲಿರೋ ಹಳೇ ಮ್ಯಾಪ್ ತಗೊಂಡು ಬಾ."

ಒಳಕೋಣೆಯಿಂದ ಅಪ್ಪನ ದನಿ ಬಂದಾಗ ಚೂಟಿ ಮುಂದಿನ ಕೋಣೆಯ ನೆಲದ ಮೇಲೆ ಮೊಣಕಾಲೂರಿ ಕೂತು ಬೆಟ್ಟದ ನೆತ್ತಿಗೆ ಹಸಿರು ಬಣ್ಣ ಹಚ್ಚುತ್ತಿದ್ದಳು. ರಟ್ಟಿನಲ್ಲಿ ಅವಳೇ ಮಾಡಿದ ಬೆಟ್ಟ. ಬ್ರಶ್ ಇದ್ದಲ್ಲೇ ನಿಂತಿತು.

"ಯಾವ ಮ್ಯಾಪಪ್ಪಾ?"

"ಹಳೇದು ಕಣೇ. ಕೊಳೆ ಹಿಡಿದು, ಮಡಿಕೆ ಎಲ್ಲ ಸವೆದುಹೋಗಿದೆಯಲ್ಲ, ಅದು. ಹೊಸದು ಬೇಡ."

ಚೂಟಿ ಬ್ರಶ್ಶನ್ನು ಕೆಳಗಿಟ್ಟಳು. ಡಬ್ಬಿಯಲ್ಲಿ ಈಗ ಇದ್ದದ್ದು ಹೊಸದೊಂದೇ. ಹಳೆಯದನ್ನು ಅವಳು ನಾಲ್ಕು ದಿನದ ಹಿಂದೆಯೇ ಕತ್ತರಿಸಿ ಚೂರು ಚೂರು ಮಾಡಿಬಿಟ್ಟಿದ್ದಳು.

ಹಾಗೆಂದು ಚೂಟಿ ಪುಂಡ ಹುಡುಗಿಯೇನಲ್ಲ. ಬಹಳ ಯೋಚನೆ ಮಾಡಿಯೇ ಈ ಕೆಲಸ ಮಾಡಿದ್ದಳು. ಅಷ್ಟೆಲ್ಲ ಯೋಚನೆ ಮಾಡಿದ ಮೇಲೂ ತಪ್ಪಾಗುತ್ತದೆ ಎಂದರೆ, ಪಾಪ, ಅವಳಾದರೂ ಏನು ಮಾಡಬೇಕು?

ನಡೆದದ್ದು ಇಷ್ಟು. ಶಾಲೆಯ ಕಿಟಕಿಯಿಂದ ಕಾಣುವ ಬೆಟ್ಟಸಾಲಿನ ಮಾಡೆಲ್ ಮಾಡಿಕೊಂಡು ಬನ್ನಿ ಎಂದು ಭೂಗೋಳದ ಮಿಸ್ ಹೇಳಿದ್ದರು. ಐಸ್‌ಕ್ರೀಮ್ ಕೋನು ಕವುಚಿ ಹಾಕಿದ ಹಾಗೆ ಚೂಪು ಚೂಪಾಗಿ ಮಾಡಿ ತಂದರೆ ವಾಪಸ್ ಕಳಿಸುತ್ತೇನೆ, ಮ್ಯಾಪಿನ ಕಾಂಟೂರ್ ಗೆರೆ ನೋಡಿಕೊಂಡೇ ಮಾಡಬೇಕು ಎಂದೂ ಹೇಳಿದ್ದರು. ಕಾಂಟೂರ್ ಗೆರೆ ಎಂದರೆ ಒಂದೇ ಎತ್ತರದ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ. ದೊಡ್ಡ ಸುತ್ತು, ಅದರೊಳಗೆ ಸಣ್ಣ ಸುತ್ತು, ಅದರೊಳಗೆ ಇನ್ನೂ ಸಣ್ಣದು. ಒಂದೊಂದು ಸುತ್ತಿಗೂ ಒಂದೊಂದು ರಟ್ಟು ಕತ್ತರಿಸಿ ಒಂದರ ಮೇಲೊಂದು ಜೋಡಿಸಿದರೆ ಬೆಟ್ಟ ತಾನಾಗಿಯೇ ಎದ್ದು ನಿಲ್ಲುತ್ತದೆ.

ಚೂಟಿಯ ಅಪ್ಪ ಫಾರೆಸ್ಟ್ ಗಾರ್ಡ್. ಅವನ ಡಬ್ಬಿಯಲ್ಲಿ ಆ ಬೆಟ್ಟಸಾಲಿನ ಎರಡು ಮ್ಯಾಪ್ ಇದ್ದವು. ಒಂದು ಹೋದ ತಿಂಗಳು ಆಫೀಸಿನಿಂದ ಬಂದದ್ದು. ಬೆಳ್ಳಗೆ, ಗರಿಗರಿಯಾಗಿ, ಮುಟ್ಟಿದರೆ ಸದ್ದು ಮಾಡುವಂಥದ್ದು. ಇನ್ನೊಂದರ ಬಣ್ಣ ಒಲೆ ಒರೆಸುವ ಬಟ್ಟೆಯ ಬಣ್ಣ. ಮೇಲೆಲ್ಲ ಪೆನ್ಸಿಲ್ಲಿನ ಗೀಚು, ಟೀ ಲೋಟದ ಉಂಗುರ, ಒಂದು ಮೂಲೆಯಲ್ಲಿ ಚಪ್ಪಟೆಯಾಗಿ ಸತ್ತ ಸೊಳ್ಳೆ. ಹೊಸದನ್ನು ಮುಟ್ಟಿದರೆ ಅಪ್ಪ ಬೈಯುತ್ತಾನೆ, ಈ ಕೊಳಕು ಮ್ಯಾಪು ಯಾರಿಗೆ ಬೇಕು ಎಂದು ಚೂಟಿ ಲೆಕ್ಕ ಹಾಕಿದಳು.

ಅವಳ ಅಮ್ಮ ಟೈಲರ್. ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಹೊಲಿಗೆ ಮೆಷಿನ್, ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಗೆ ನೇತುಹಾಕಿದ ಪೇಪರ್ ಅಳತೆಗಳು. ಕತ್ತು, ತೋಳು, ಕಾಲರು ಎಲ್ಲವನ್ನೂ ಅಮ್ಮ ಕಾಗದದ ಮೇಲೆ ಬರೆದು, ಗೆರೆ ತಪ್ಪದ ಹಾಗೆ ಕತ್ತರಿಸಿ ಇಟ್ಟಿದ್ದಳು. ಆ ಮನೆಯಲ್ಲಿ ಕಾಗದದ ಮೇಲೆ ಗೆರೆ ಇದೆ ಎಂದರೆ ಅದು ಕತ್ತರಿಗಾಗಿಯೇ ಇದೆ ಎಂದು ಅರ್ಥ. ಚೂಟಿಗೆ ಬೇರೆ ಏನಾದರೂ ಹೊಳೆಯುವುದಾದರೂ ಹೇಗೆ? ಹೊರಗಿನ ಗೆರೆಯಿಂದ ಶುರುಮಾಡಿ ಒಳಗೊಳಗೆ ಕತ್ತರಿಸುತ್ತ ಹೋದಳು. ಪ್ರತಿ ಸಲ ಉಳಿದ ಕಾಗದವನ್ನು ರಟ್ಟಿನ ಮೇಲಿಟ್ಟು ಸುತ್ತಲೂ ಗೀಟು ಎಳೆದಳು. ಅಷ್ಟು ಚೆನ್ನಾಗಿ ಕತ್ತರಿಸಿದ್ದಳು ಎಂದರೆ, ಬೇರೆ ಯಾವುದಾದರೂ ಕಾಗದವಾಗಿದ್ದರೆ ಅಮ್ಮ ಬೆನ್ನು ತಟ್ಟುತ್ತಿದ್ದಳು.

"ಸಿಕ್ತೇನೇ?" ಅಪ್ಪ ಒಳಗಿಂದ ಕೇಳಿದ.

"ಕೈ ಎಲ್ಲ ಪೇಂಟು ಅಪ್ಪಾ. ಆಮೇಲೆ ಕೊಡ್ತೀನಿ."

ಪೇಂಟೇನೋ ನಿಜವಾಗಿಯೂ ಇತ್ತು. ಆದರೂ ಮಾತು ಸುಳ್ಳಿನ ಹಾಗೆಯೇ ಬಾಯಿಂದ ಹೊರಬಿತ್ತು.

ಪರವಾಗಿಲ್ಲ, ಐದು ಗಂಟೆಯೊಳಗೆ ಸಿಕ್ಕರೆ ಸಾಕು ಎಂದ ಅಪ್ಪ. ಹತ್ತು ದಿನದ ಹಿಂದೆ ಪಾಚಿ ಬಂಡೆಯ ಮೇಲೆ ಜಾರಿ ಬಿದ್ದು ಅವನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಕೂತು ಕೂತು ಬೇಜಾರಾಗಿದ್ದರಿಂದ ಮಾತಿಗೆ ಯಾರು ಸಿಕ್ಕಿದರೂ ಬಿಡುತ್ತಿರಲಿಲ್ಲ. ಈಗಲೂ ಗೋಡೆಯಾಚೆಯಿಂದಲೇ ಎಲ್ಲ ಹೇಳಿದ. ಮೇಲೆ ಹುಲ್ಲು ಒಣಗಿದೆ, ಒಂದು ಕಿಡಿ ಬಿದ್ದರೆ ಕಾಡು ಹೊತ್ತಿಕೊಳ್ಳುತ್ತದೆ. ನಾಲ್ಕು ದಿನ ಯಾರಾದರೂ ಶಿಖರದ ಮೇಲಿದ್ದು ಎಲ್ಲಾದರೂ ಹೊಗೆ ಏಳುತ್ತದೆಯೇ ಎಂದು ನೋಡುತ್ತಿರಬೇಕು. ಅಪ್ಪ ಹೋಗುವ ಹಾಗಿಲ್ಲ. ಅವನ ಬದಲು ಹೊಸ ಗಾರ್ಡ್ ಅಕ್ಕ ಹೋಗುತ್ತಾಳೆ. ನಾಳೆ ಬೆಳಗಾಗುತ್ತಲೇ ಹೊರಡುವವಳು, ಇವತ್ತು ಐದಕ್ಕೆ ಬಂದು ಮ್ಯಾಪ್ ತೆಗೆದುಕೊಂಡು ಹೋಗುತ್ತಾಳೆ.

"ಹೊಸ ಮ್ಯಾಪೇ ಕೊಡಬಹುದಲ್ಲಪ್ಪಾ?" ಚೂಟಿ ಮೆಲ್ಲಗೆ ಕೇಳಿದಳು.

"ಅದ್ರಲ್ಲಿ ಬೆಟ್ಟ ಇದೆ, ನೀರಿಲ್ಲ. ನೀರೆಲ್ಲಿ, ಕಲ್ಲು ಉರುಳೋದೆಲ್ಲಿ, ಅದೆಲ್ಲ ಬರೆದಿರೋದು ಹಳೇದ್ರಲ್ಲೇ. ನನಗಿಂತ ಮುಂಚೆ ಇದ್ದ ಗಾರ್ಡ್ ತಾತನ ಕಾಲದಿಂದ ಬರೆದಿದೆ. ಅದಿಲ್ಲದೆ ಅವಳನ್ನ ಕಳಿಸೋದೂ ಒಂದೇ, ಕಣ್ಣಿಗೆ ಬಟ್ಟೆ ಕಟ್ಟಿ ಕಳಿಸೋದೂ ಒಂದೇ."

ಚೂಟಿ ಗಡಿಯಾರ ನೋಡಿದಳು. ಎರಡು ಗಂಟೆ.

ಟಕಟಕ ಎನ್ನುತ್ತಿದ್ದ ಅಮ್ಮನ ಮೆಷಿನ್ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚೂಟಿ ಹೆಗಲು ಮುಟ್ಟಿಕೊಳ್ಳಲಿಲ್ಲ ನಿಜ, ಆದರೆ ಅವಳ ಕಣ್ಣು ಮೇಜಿನ ಕೆಳಗಿದ್ದ ಚಿಂದಿ ಚೀಲದ ಕಡೆಗೆ ಓಡಿತು. ಅಮ್ಮನಿಗೆ ಅಷ್ಟೇ ಸಾಕಾಯಿತು. ಚೀಲದೊಳಗೆ ಕೈ ಹಾಕಿ ಒಂದು ಕಾಗದ ಎಳೆದಳು. ಕೊಳಕಾದ, ಬಳೆಯ ಹಾಗೆ ನಡುವೆ ತೂತಿರುವ ಕಾಗದ. ಅದರ ಮೇಲೆ ಅಪ್ಪನ ಅಕ್ಷರ.

"ಇದನ್ನ ಕತ್ತರಿಸಿದ್ಯಾ?" ಅಮ್ಮ ಪಿಸುಗುಟ್ಟಿದಳು.

ಚೂಟಿಗೆ ಅಳು ಒತ್ತರಿಸಿಕೊಂಡು ಬಂತು. ಹಳೇದಲ್ವಾ, ಕೊಳೆಯಾಗಿತ್ತಲ್ವಾ ಎಂದು ಏನೇನೋ ತೊದಲಿದಳು. ಬಣ್ಣದ ಕೈಯಿಂದಲೇ ಕಣ್ಣು ಒರೆಸಿಕೊಂಡದ್ದರಿಂದ ಕೆನ್ನೆಯೂ ಹಸಿರಾಯಿತು.

ಅಮ್ಮ ಬೈದಳು. ಜೋರಾಗಿ ಬೈದರೆ ಅಪ್ಪನಿಗೆ ಕೇಳಿಸುತ್ತದೆ ಎಂದು ಮೆಲ್ಲಗೆ ಬೈದಳು. ಮೆಲ್ಲಗೆ ಬೈಸಿಕೊಳ್ಳುವುದೇ ಹೆಚ್ಚು ಕಷ್ಟ.

"ಕತ್ತರಿ ಹಾಕೋ ಮುಂಚೆ ಎರಡು ಸಲ ಅಳತೆ ನೋಡು ಅಂತ ಹೇಳ್ತಾನೇ ಇರ್ತೀನಿ. ಅಳತೆ ಅಂದ್ರೆ ಬರೀ ಟೇಪ್ ಹಿಡಿಯೋದಲ್ಲ ಚೂಟಿ. ಇದು ಯಾರದ್ದು, ಕತ್ತರಿಸಬಹುದಾ ಅಂತ ಕೇಳೋದೂ ಅಳತೆನೇ."

ಆಮೇಲೆ ನಿಟ್ಟುಸಿರು ಬಿಟ್ಟು, ಎದ್ದು ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿದಳು. "ಅಳೋದು ಆಮೇಲೆ. ಎಲ್ಲ ಚೂರೂ ಇದೆಯಾ ಹೇಳು."

ಚೂರುಗಳು ಇದ್ದವು. ಅದೊಂದು ಪುಣ್ಯ. ಹೊಲಿದ ಬಟ್ಟೆ ಗಿರಾಕಿಯ ಮೈಮೇಲೆ ಸರಿಯಾಗಿ ಕೂರುವ ತನಕ ಒಂದು ಚಿಂದಿಯನ್ನೂ ಬಿಸಾಡಬಾರದು ಎನ್ನುವುದು ಅಮ್ಮನ ಕಾನೂನು. ಚೂಟಿ ಎಲ್ಲ ಕಾನೂನೂ ಮುರಿಯುವವಳಲ್ಲ. ಮ್ಯಾಪಿನ ಚೂರನ್ನೂ ಒಂದು ಬಿಡದೆ ಚೀಲದಲ್ಲೇ ಹಾಕಿದ್ದಳು.

ಅಮ್ಮ ಮೇಜಿನ ಮೇಲೆ ಬಿಳಿ ಲೈನಿಂಗ್ ಬಟ್ಟೆ ಹಾಸಿದಳು. ಮಾಡೆಲ್ಲಿಗೆಂದು ಚೂಟಿ ಕಲಸಿಟ್ಟುಕೊಂಡಿದ್ದ ಮೈದಾ ಅಂಟು ಇನ್ನೂ ಅರ್ಧ ಬಟ್ಟಲು ಉಳಿದಿತ್ತು. ಮೊದಲು ಹೊರಗಿನ ದೊಡ್ಡ ಚೂರು, ಅದರೊಳಗೆ ಮುಂದಿನದು, ಅದರೊಳಗೆ ಇನ್ನೊಂದು. ಇಬ್ಬರೂ ಉಸಿರು ಬಿಗಿಹಿಡಿದು ಗೆರೆಗೆ ಗೆರೆ ಕೂಡಿಸುತ್ತ ಹೋದರು. ಎಲ್ಲಿ ಯಾವ ಚೂರು ಎಂದು ಅಮ್ಮನಿಗೆ ತಿಳಿಯುತ್ತಿರಲಿಲ್ಲ. ಚೂಟಿಯ ಬೆರಳಿಗೆ ತಿಳಿಯುತ್ತಿತ್ತು. ಈ ಬದಿಯಲ್ಲಿ ಗೆರೆಗಳು ಒತ್ತೊತ್ತಾಗಿವೆ, ಕತ್ತರಿಸುವಾಗ ಇಲ್ಲೇ ಕೈ ನೊಂದದ್ದು. ಆ ಬದಿಯಲ್ಲಿ ಬಿಡಿಬಿಡಿಯಾಗಿವೆ, ಕತ್ತರಿ ಸಲೀಸಾಗಿ ಓಡಿತ್ತು.

ಮೂರೂವರೆಗೆಲ್ಲ ಬೆಟ್ಟಸಾಲು ಮತ್ತೆ ಮಲಗಿಕೊಂಡಿತು. ಆದರೆ ನಟ್ಟನಡುವೆ ಅಕ್ಕಪಕ್ಕ ಎರಡು ತೂತು ಉಳಿದವು. ಒಂದೊಂದೂ ಒಂದು ಬಿಸ್ಕತ್ತಿನಷ್ಟು, ಎರಡೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ.

"ಇವೆರಡು ಎಲ್ಲಿ?" ಅಮ್ಮ ಚೀಲವನ್ನು ನೆಲಕ್ಕೆ ಸುರಿದು ಹುಡುಕತೊಡಗಿದಳು.

ಚೂಟಿ ಹುಡುಕಲಿಲ್ಲ. ಅವು ಎಲ್ಲಿವೆ ಎಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಕಟ್ಟಕಡೆಯ ಆ ಎರಡು ಚೂರುಗಳನ್ನು ಅವಳು ಚೀಲಕ್ಕೆ ಹಾಕಿರಲಿಲ್ಲ. ಮಾಡೆಲ್ಲಿನ ಎರಡು ಶಿಖರಗಳ ತುದಿಗೆ ಅಂಟಿಸಿ, ಮೇಲೆ ಪೇಪರ್ ಅರೆದ ಮುದ್ದೆ ಮೆತ್ತಿ, ಬಣ್ಣ ಹಚ್ಚಿದ್ದಳು. ನಾಲ್ಕು ದಿನದ ಕೆಲಸ. ಎಲ್ಲಕ್ಕಿಂತ ಚೆನ್ನಾಗಿರುವ ಮಾಡೆಲ್ಲನ್ನು ದೊಡ್ಡ ಮೇಡಮ್ಮರ ರೂಮಿನ ಮುಂದೆ ಇಡುತ್ತೇನೆ ಎಂದು ಮಿಸ್ ಹೇಳಿದ್ದರು. ಚೂಟಿ ಮನಸ್ಸಿನಲ್ಲಿ ಆಗಲೇ ಅದನ್ನು ಅಲ್ಲಿಟ್ಟು ಬಂದಿದ್ದಳು.

ಎರಡೇ ಎರಡು ಬಿಸ್ಕತ್ತಿನಷ್ಟು ಜಾಗ. ಅಷ್ಟು ದೊಡ್ಡ ಬೆಟ್ಟದಲ್ಲಿ ಇಷ್ಟು ಇಲ್ಲದಿದ್ದರೆ ಏನಾಗುತ್ತದೆ? ಹೀಗೆ ಅಂದುಕೊಳ್ಳುತ್ತಿರುವಾಗಲೇ ಅವಳಿಗೆ ನೆನಪಾಯಿತು. ಒಂದು ಚೂರಿನ ಮೇಲೆ ನೀಲಿ ಚುಕ್ಕೆ ಇತ್ತು. ಇನ್ನೊಂದರ ಮೇಲೆ ಕೆಂಪು ಗುಣಾಕಾರ ಚಿಹ್ನೆ.

"ಅಪ್ಪಾ," ಕುಳಿತಲ್ಲಿಂದಲೇ ಕೂಗಿದಳು, "ನಿನ್ನ ಮ್ಯಾಪಲ್ಲಿ ನೀಲಿ ಚುಕ್ಕೆ ಅಂದ್ರೇನು?"

"ನೀರು. ಕೆಂಪು ಹಾಕಿದ್ರೆ ಅಲ್ಲಿ ಕಾಲಿಡಬೇಡ ಅಂತ. ಯಾಕೆ?"

"ಸುಮ್ನೆ."

ಅವಳು ಕತ್ತರಿ ಎತ್ತಿಕೊಂಡಳು. ಒಂದು ಸಲ ಕಣ್ಣು ಮುಚ್ಚಿ, ತೆರೆದು, ದೊಡ್ಡ ಶಿಖರದ ನೆತ್ತಿಗೆ ಚುಚ್ಚಿದಳು. ಮುದ್ದೆ ಒಳಗೆ ಇನ್ನೂ ಹಸಿಯಾಗಿತ್ತು, ಉಂಡೆ ಉಂಡೆಯಾಗಿ ಎದ್ದುಬಂತು. ಆಮೇಲೆ ಪಕ್ಕದ್ದು. ಅಮ್ಮ ಚೀಲ ಬಿಟ್ಟು ನೋಡುತ್ತ ನಿಂತಳು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ಚೂಟಿ ಎರಡು ಬೆಟ್ಟ ಅಗೆದು ಎರಡು ಬಿಸ್ಕತ್ತು ಹಿಡಿದಳು.

ಅಮ್ಮ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಮುದ್ದೆ ಬಿಡಿಸಿದಳು. ಮೇಣದ ಪೆನ್ಸಿಲ್ಲಾದ್ದರಿಂದ ಬಣ್ಣ ಕರಗಿರಲಿಲ್ಲ. ಎರಡನ್ನೂ ಬಟ್ಟೆಯ ಮೇಲೆ ಬೋರಲು ಹಾಕಿ, ಇಸ್ತ್ರಿ ಪೆಟ್ಟಿಗೆ ಆಡಿಸಿ ಸುಕ್ಕು ತೆಗೆದಳು. ಬಳಿಕ ಅಂಟು ಸವರಿ ತೂತಿನೊಳಗೆ ಕೂರಿಸಿದಳು. ಎರಡೂ ಅಳತೆಗೆ ಹೊಲಿದ ಹಾಗೆ ಕೂತವು.

ನಾಲ್ಕೂವರೆ ಆಯಿತು. ಹತ್ತಿರದಿಂದ ನೋಡಿದರೆ ಸೀಳು ಕಾಣುತ್ತಿತ್ತು. ದೂರದಿಂದ ಒಂದು ಮ್ಯಾಪಿನ ಹಾಗೆಯೇ ಇತ್ತು. ಚೂಟಿ ಅದನ್ನು ಸುರುಳಿ ಸುತ್ತಿದಳು.

"ಡಬ್ಬಿಯೊಳಗೆ ಹಾಕಿಬಿಡ್ಲಾ ಅಮ್ಮಾ? ಅಪ್ಪ ತೆಗೆದು ನೋಡಲ್ಲ. ಹಾಗೇ ಅಕ್ಕನಿಗೆ ಕೊಟ್ಟುಬಿಡ್ತಾನೆ."

"ಅಪ್ಪ ನೋಡದೇ ಇರಬಹುದು," ಎಂದಳು ಅಮ್ಮ. "ಆ ಹುಡುಗಿ ನೋಡ್ತಾಳಲ್ಲ. ಅಲ್ಲಿ ಮೇಲೆ, ಒಬ್ಬಳೇ ನಿಂತ್ಕೊಂಡು." ಇಷ್ಟು ಹೇಳಿ ಮೆಷಿನ್ ಮುಂದೆ ಹೋಗಿ ಕೂತಳು.

ಚೂಟಿ ಬಾಗಿಲ ಹಿಂದೆ ಹೋಗಿ ಡಬ್ಬಿಯ ಮುಚ್ಚಳ ತೆಗೆದಳು. ಸುರುಳಿ ಅರ್ಧ ಒಳಗೆ ಹೋಯಿತು. ಇನ್ನರ್ಧ ತಳ್ಳಿದರೆ ಮುಗಿಯಿತು, ಬೈಗುಳವಿಲ್ಲ, ಏನಿಲ್ಲ. ಆದರೆ ಕೈ ಮುಂದೆ ಹೋಗಲಿಲ್ಲ. ಶಿಖರದ ಮೇಲೆ ಮ್ಯಾಪ್ ಬಿಡಿಸಿಕೊಂಡು ನಿಂತ ಹೊಸ ಗಾರ್ಡ್ ಅಕ್ಕ ಕಣ್ಣ ಮುಂದೆ ಬರುತ್ತಿದ್ದಳು. ಆ ಅಕ್ಕನಿಗೆ ಇದನ್ನು ಒಬ್ಬ ಹತ್ತು ವರ್ಷದ ಹುಡುಗಿ ಮೈದಾ ಹಿಟ್ಟಿನಲ್ಲಿ ಅಂಟಿಸಿದ್ದು ಎಂದು ಗೊತ್ತೇ ಇರುವುದಿಲ್ಲ. ಚೂಟಿ ಸುರುಳಿಯನ್ನು ಹೊರಗೆಳೆದು, ಕಾಲು ಎಳೆಯುತ್ತ ಒಳಕೋಣೆಗೆ ನಡೆದಳು.

"ಅಪ್ಪಾ, ನಾನು ಇದನ್ನ ಕತ್ತರಿಸಿಬಿಟ್ಟಿದ್ದೆ. ಮಾಡೆಲ್ ಮಾಡೋಕೆ. ಯಾರಿಗೂ ಬೇಡವೇನೋ ಅಂದ್ಕೊಂಡೆ. ಈಗ ನಾನೂ ಅಮ್ಮನೂ ಅಂಟಿಸಿದೀವಿ."

ಒಂದೇ ಉಸಿರಿಗೆ ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಅಪ್ಪ ಮ್ಯಾಪನ್ನು ಮಂಚದ ಮೇಲೆ ಬಿಡಿಸಿದ. ಅವನ ನಗುಮುಖ ಗಂಟು ಹಾಕಿಕೊಂಡದ್ದು ತಲೆ ತಗ್ಗಿಸಿದ್ದರೂ ಕಾಣುತ್ತಿತ್ತು. ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಚೂಟಿ ಕಾದಳು. ಬೈಯಲಿಲ್ಲ. ಒಂದೊಂದು ಸೀಳಿನ ಮೇಲೂ ಹೆಬ್ಬೆರಳು ಆಡಿಸುತ್ತ ಹೋದ. ಆ ಹೆಬ್ಬೆರಳು ಬೆಟ್ಟದ ಬುಡದಿಂದ ಹೊರಟು ಕಾಡು ಹತ್ತಿತು, ಹಳ್ಳ ದಾಟಿತು, ಮೇಲೆ ಮೇಲೆ ಹೋಗಿ ತಟ್ಟನೆ ನಿಂತಿತು.

"ಚಿಕ್ಕಮ್ಮನ ತಲೇಲಿ ನೀರು ಯಾವಾಗ ಬಂತು?"

ಚೂಟಿಗೆ ಅರ್ಥವಾಗಲಿಲ್ಲ. ಅವಳಿಗೆ ಇಬ್ಬರು ಚಿಕ್ಕಮ್ಮಂದಿರಿದ್ದರು, ಇಬ್ಬರ ತಲೆಯಲ್ಲೂ ನೀರಿರಲಿಲ್ಲ.

ಸಾಲಿನ ಅತಿ ಎತ್ತರದ ಎರಡು ಶಿಖರಗಳಿಗೆ ಗಾರ್ಡುಗಳು ಇಟ್ಟುಕೊಂಡ ಹೆಸರು ಅವು ಎಂದು ಅಪ್ಪ ಹೇಳಿದ. ಎಡಗಡೆಯದು ದೊಡ್ಡಮ್ಮ, ಬಲಗಡೆಯದು ಚಿಕ್ಕಮ್ಮ. ದೊಡ್ಡಮ್ಮ ಒಳ್ಳೆಯವಳು. ಅವಳ ನೆತ್ತಿಯಲ್ಲೆಲ್ಲ ಹುಲ್ಲು, ಹುಲ್ಲಿನ ನಡುವಿನ ಒಂದು ಮಡಿಕೆಯಲ್ಲಿ ಒಂದು ಹಿಡಿ ಕಾಡು. ಮಳೆಗಾಲದ ನೀರನ್ನು ಆ ಹಿಡಿಯಷ್ಟು ಕಾಡು ಒದ್ದೆ ಬಟ್ಟೆಯ ಹಾಗೆ ಹಿಡಿದಿಟ್ಟುಕೊಂಡು, ಬೇಸಿಗೆಯ ತನಕ ಹನಿ ಹನಿಯಾಗಿ ಬಿಡುತ್ತದೆ. ಚಿಕ್ಕಮ್ಮ ಸಿಡುಕಿ. ಬರೀ ಬಂಡೆ, ಕಾಲಿಟ್ಟರೆ ಕಲ್ಲು ಉರುಳಿಸುತ್ತಾಳೆ.

"ನೀವು ನೀರನ್ನ ಇವಳಿಗೆ ಕೊಟ್ಟಿದೀರಿ. ಕೆಂಪು ಗೀಟನ್ನ ಅವಳಿಗೆ ಹಾಕಿದೀರಿ."

ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಮ್ಯಾಪಿನತ್ತ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಬೋರಲು ಹಾಕಿ ಇಸ್ತ್ರಿ ಮಾಡಿದೆ ಕಣ್ರೀ. ತಿರುಗಿಸೋವಾಗ ಎಡಗೈ ತೋಳನ್ನ ಬಲಗೈಗೆ ಇಟ್ಟುಬಿಟ್ಟಿದೀನಿ." ಹದಿನೈದು ವರ್ಷದಿಂದ ಹೊಲಿಯುತ್ತಿರುವ ಅಮ್ಮ ಮೊದಮೊದಲು ಕಲಿಯುವಾಗ ಮಾಡುತ್ತಿದ್ದ ತಪ್ಪಂತೆ ಅದು. ಚೂಟಿಗೂ ನಾಚಿಕೆಯಾಯಿತು. ಚೂರುಗಳನ್ನು ಅಂಟಿಸಿದ್ದು, ಕಿತ್ತದ್ದು ಎಲ್ಲ ಅವಳೇ. ಯಾವ ಚುಕ್ಕೆ ಯಾವ ತಲೆಯ ಮೇಲಿತ್ತು ಎಂದು ನೋಡುವ ಪುರುಸೊತ್ತು ಮಾತ್ರ ಅವಳಿಗಿರಲಿಲ್ಲ.

ಆ ಎರಡು ತಲೆಗಳ ನಡುವೆ ಮ್ಯಾಪಿನಲ್ಲಿ ನಾಲ್ಕು ಬೆರಳು ಜಾಗ. ನಿಜವಾದ ಬೆಟ್ಟದಲ್ಲಿ ಒಂದರಿಂದ ಇಳಿದು, ನಡುವಿನ ಕಣಿವೆ ದಾಟಿ, ಇನ್ನೊಂದನ್ನು ಹತ್ತಲು ಅರ್ಧ ದಿನ ಬೇಕು ಎಂದ ಅಪ್ಪ. ಬೆನ್ನ ಮೇಲೆ ಸಾಮಾನು, ಕ್ಯಾನು ಖಾಲಿ, ನೆರಳಿಲ್ಲ.

"ನೀನು ಏನೂ ಹೇಳದೆ ಇದನ್ನ ಡಬ್ಬಿಗೆ ಹಾಕಿದ್ದಿದ್ರೆ..."

ಡಬ್ಬಿಯೊಳಗೆ ಅರ್ಧ ಹೋಗಿದ್ದ ಸುರುಳಿ ಚೂಟಿಯ ಕಣ್ಣಿಗೆ ಕಟ್ಟಿತು. ಇನ್ನರ್ಧ ತಳ್ಳುವುದಷ್ಟೇ ಬಾಕಿ ಇತ್ತಲ್ಲ.

"ಹೇಳಿದ್ಯಲ್ಲ, ಬಿಡು," ಎಂದು ಅಪ್ಪ ಅವಳ ಹಸಿರು ಕೆನ್ನೆಯನ್ನು ಬೆರಳಿನಿಂದ ಒರೆಸಿದ. "ಇಸ್ತ್ರಿ ಪೆಟ್ಟಿಗೆ ತಗೊಂಡು ಬಾ. ಅಂಟು ಇನ್ನೂ ಹಸಿ ಇದೆ."

ಮಂಚದ ಮೇಲೆಯೇ ಕೆಲಸ ನಡೆಯಿತು. ಅಮ್ಮ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಒತ್ತಿದಳು, ಆವಿಗೆ ಚೂರುಗಳು ಬಿಟ್ಟುಕೊಂಡವು. ಚೂಟಿ ಚಿಮಟದಿಂದ ಎತ್ತಿ ಕೊಟ್ಟಳು, ಅಪ್ಪ ಕೂರಿಸಿದ. ನೀಲಿ ಚುಕ್ಕೆ ದೊಡ್ಡಮ್ಮನಿಗೆ, ಕೆಂಪು ಗೀಟು ಚಿಕ್ಕಮ್ಮನಿಗೆ. ಕೂರಿಸಿದ ಮೇಲೆ ಅಪ್ಪ ಬುಡದಿಂದ ತುದಿಯ ತನಕ ಇನ್ನೊಂದು ಸಲ ಹೆಬ್ಬೆರಳು ನಡೆಸಿ ನೋಡಿದ. ಈ ಸಲ ಅದು ಎಲ್ಲಿಯೂ ನಿಲ್ಲಲಿಲ್ಲ.

ಇಸ್ತ್ರಿ ಪೆಟ್ಟಿಗೆ ಇನ್ನೂ ಬುಸುಗುಡುತ್ತಿರುವಾಗಲೇ ಹೊಸ ಗಾರ್ಡ್ ಅಕ್ಕ ಬಂದಳು. ಎತ್ತರದ ಹುಡುಗಿ. ಬೂಟು ಹೊಸದು, ಹೆದರಿಕೆಯೂ ಹೊಸದು. ಕೂರಲಿಕ್ಕೂ ಆಗದೆ ನಿಲ್ಲಲಿಕ್ಕೂ ಆಗದೆ ಕುರ್ಚಿಯ ತುದಿಯಲ್ಲಿ ಕೂತಳು. ಅಪ್ಪ ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ಮ್ಯಾಪು ಚೂರಾಗಿದ್ದು, ಕೂಡಿದ್ದು, ತೋಳು ಅದಲುಬದಲಾಗಿದ್ದು ಎಲ್ಲ ಹೇಳಿದ. ಚೂಟಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಅಪ್ಪ, "ದಾರಿ ನನ್ನ ಮಗಳೇ ತೋರಿಸ್ತಾಳೆ, ಕೇಳಿಸ್ಕೋ," ಎಂದುಬಿಟ್ಟ.

ಚೂಟಿ ಬೆರಳಿಟ್ಟಳು. ಇಲ್ಲಿ ಗೆರೆ ದೂರ ದೂರ ಇದೆ, ಹತ್ತೋದು ಸುಲಭ. ಹಳ್ಳ ದಾಟೋ ತನಕ ದೊಡ್ಡ ಮರಗಳ ಕಾಡು. ಇಲ್ಲಿಂದ ಒತ್ತೊತ್ತಾಗಿದೆ, ಬಹಳ ಕಡಿದು, ಕೈ ನೋಯುತ್ತೆ. ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡು, ಅಲ್ಲ, ಕಾಲು ನೋಯುತ್ತೆ ಎಂದಳು. ಅಪ್ಪ ನಡುನಡುವೆ ಮಾತು ಸೇರಿಸಿದ. ಮಳೆಗಾಳಿ ಬಡಿಯುವ ಈ ಬದಿಯಲ್ಲಿ ಕಾಡು ದಟ್ಟ, ಆ ಬದಿಯಲ್ಲಿ ಬರೀ ಕುರುಚಲು. ಮೇಲೆ ಹೋದ ಹಾಗೆ ಮರಗಳು ಗಾಳಿಗೆ ಕುಳ್ಳಾಗುತ್ತ ಬಂದು ಕಡೆಗೆ ಹುಲ್ಲೊಂದೇ ಉಳಿಯುತ್ತದೆ. ಗೆರೆ ಗೆರೆಯಾಗಿ ಹತ್ತುತ್ತ ಚೂಟಿಯ ಬೆರಳು ನೀಲಿ ಚುಕ್ಕೆಗೆ ಬಂದು ನಿಂತಿತು.

"ಇಲ್ಲಿ ನೀರಿದೆ ಅಕ್ಕಾ. ಅಲ್ಲಿಲ್ಲ. ಅಲ್ಲಿ ಹೋಗಲೇಬೇಡಿ."

ಅಕ್ಕ ಮ್ಯಾಪನ್ನು ಮುಟ್ಟಿ ನೋಡಿದಳು. ಬಟ್ಟೆ ಹಚ್ಚಿದ್ದು ಒಳ್ಳೆಯದೇ ಆಯಿತು, ಇನ್ನು ಮಡಿಕೆಯಲ್ಲಿ ಹರಿಯುವುದಿಲ್ಲ ಎಂದು ನಕ್ಕಳು.

ಸೋಮವಾರ ಚೂಟಿ ತಲೆಯಿಲ್ಲದ ಬೆಟ್ಟವನ್ನು ಹೊತ್ತುಕೊಂಡು ಶಾಲೆಗೆ ಹೋದಳು. ಹಿಂದಿನ ಬೆಂಚಿನವರು ಬೆಟ್ಟಕ್ಕೆ ಕಟಿಂಗ್ ಮಾಡಿಸಿದ್ದೀಯಾ ಎಂದು ಗೇಲಿ ಮಾಡಿದರು. ಮಿಸ್ ಸ್ಕೇಲ್ ಹಿಡಿದು ಒಂದೊಂದೇ ರಟ್ಟು ನೋಡಿ, ಕಾಂಟೂರೆಲ್ಲ ಸರಿಯಾಗಿದೆ, ತುದಿ ಮಾತ್ರ ಏಕೆ ಹೀಗಾಗಿದೆ ಎಂದು ಕೇಳಿದರು. ಅದು ಬೇಕಾಗಿತ್ತು ಮಿಸ್ ಎಂದಳು ಚೂಟಿ. ದೊಡ್ಡ ಮೇಡಮ್ಮರ ರೂಮಿನ ಮುಂದೆ ಬೇರೆ ಯಾರದೋ ಮಾಡೆಲ್ ಹೋಯಿತು. ಸ್ವಲ್ಪ ಬೇಜಾರಾಯಿತು, ಇಲ್ಲವೆಂದರೆ ಸುಳ್ಳು. ಆದರೆ ಅವಳ ಕಣ್ಣು ಕಿಟಕಿಯ ಆಚೆಗಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇವತ್ತು ಅವಳಿಗೆ ಅದು ನುಣ್ಣಗೆ ಕಾಣಲಿಲ್ಲ. ಈಗ ಅಕ್ಕ ಹಳ್ಳ ದಾಟಿರಬೇಕು, ಈಗ ಕಡಿದು ಹತ್ತುತ್ತಿರಬೇಕು ಎಂದು ಗೆರೆ ಗೆರೆಯನ್ನೂ ಎಣಿಸುತ್ತಿದ್ದಳು. ಒಂದು ವೇಳೆ ಅಪ್ಪನಿಗೇ ಚುಕ್ಕೆ ಮರೆತುಹೋಗಿದ್ದರೆ? ಮತ್ತೆ ಅದಲುಬದಲಾಗಿದ್ದರೆ? ಊಟದ ಡಬ್ಬಿ ಹಾಗೆಯೇ ಮನೆಗೆ ವಾಪಸಾಯಿತು.

ಸಂಜೆ ಅಪ್ಪನ ಮಂಚದ ಪಕ್ಕ ವಾಕಿಟಾಕಿ ಇಟ್ಟುಕೊಂಡು ಮೂವರೂ ಕೂತರು. ಆರು ಗಂಟೆಗೆ ಕರೆ ಬರಬೇಕಾಗಿತ್ತು, ಬರಲಿಲ್ಲ. ಆರೂ ಐದು. ಆರೂ ಹತ್ತು. ಅಮ್ಮ ಕೈಯಲ್ಲಿದ್ದ ಗುಂಡಿ ಹೊಲಿಯುವುದನ್ನು ಮರೆತಳು. ಆರೂಕಾಲಿಗೆ ಅದು ಗೊರಗೊರ ಎಂದು ಕೆಮ್ಮಿತು.

"ಸರ್, ದೊಡ್ಡಮ್ಮನ ಹತ್ರ ಇದೀನಿ. ನೀಲಿ ಚುಕ್ಕೆ ಸಿಕ್ತು ಸರ್. ಎರಡೂ ಕ್ಯಾನ್ ತುಂಬಿಸ್ಕೊಂಡೆ. ಎಲ್ಲೂ ಹೊಗೆ ಇಲ್ಲ. ನಿಮ್ಮ ಮಗಳಿಗೆ ಹೇಳಿಬಿಡಿ. ಓವರ್."

ಚೂಟಿಗೆ ಹೋದ ಜೀವ ಬಂದಂತಾಯಿತು. ಇಷ್ಟು ಹೊತ್ತು ಉಸಿರಾಡಿಯೇ ಇರಲಿಲ್ಲವೇನೋ ಎಂಬಂತೆ ಉದ್ದಕ್ಕೆ ಉಸಿರು ಬಿಟ್ಟಳು. ಅಪ್ಪ ವಾಕಿಟಾಕಿಯನ್ನು ಅವಳ ಬಾಯಿಯ ಹತ್ತಿರ ಹಿಡಿದ. ಬೆಳಗಿನಿಂದ ಹೇಳಬೇಕೆಂದುಕೊಂಡದ್ದೆಲ್ಲ ಅಷ್ಟರಲ್ಲಿ ಮರೆತೇಹೋಗಿತ್ತು.

"ನೀರು ತಣ್ಣಗಿದೆಯಾ ಅಕ್ಕಾ?" ಎಂದಳು. ಓವರ್ ಎನ್ನುವುದನ್ನೂ ಮರೆತಳು.

ಅವತ್ತು ಅವಳು ಊಟ ಮಾಡಿದ್ದು ನೋಡಿ ಅಮ್ಮ ನಾಳೆಗೆ ಇಟ್ಟಿದ್ದನ್ನೂ ಬಡಿಸಬೇಕಾಯಿತು.

ಶುಕ್ರವಾರ ಸಂಜೆ ಹೊಸ ಗಾರ್ಡ್ ಅಕ್ಕ ಮ್ಯಾಪ್ ವಾಪಸ್ ಕೊಡಲು ಬಂದಳು. ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು, ಬೂಟು ಹಳೆಯದಾಗಿತ್ತು, ಕುರ್ಚಿಯಲ್ಲಿ ಪೂರ್ತಿ ಒರಗಿ ಕೂತಳು. ಅವಳು ಹೋದ ಮೇಲೆ ಅಮ್ಮ ಮ್ಯಾಪನ್ನು ಮೇಜಿನ ಮೇಲೆ ಬಿಡಿಸಿದಳು. ಒಂದು ಅಂಚಿನಲ್ಲಿ ಕೆಸರಿನ ಹೆಬ್ಬೆರಳ ಗುರುತು ಮೂಡಿತ್ತು. ಒಂದು ಸೀಳಿನ ಮೇಲೆ ಯಾವುದೋ ಎಲೆಯ ಹಸಿರು ರಸ ಅಂಟಿತ್ತು. ಹಳ್ಳದ ಪಕ್ಕದಲ್ಲಿ, ಮೊದಲು ಇಲ್ಲದ ಇನ್ನೊಂದು ಪುಟ್ಟ ನೀಲಿ ಚುಕ್ಕೆ ಇತ್ತು. ಅದು ಅಪ್ಪನ ಕೈಯದಲ್ಲ.

"ನಾಲ್ಕೇ ದಿನಕ್ಕೆ ಹೆಂಗೆ ಗಲೀಜಾಗಿದೆ ನೋಡು," ಎನ್ನುತ್ತ ಅಮ್ಮ ಒದ್ದೆ ಬಟ್ಟೆ ತೆಗೆದುಕೊಂಡಳು.

"ಒರೆಸಬೇಡಮ್ಮ," ಎಂದಳು ಚೂಟಿ. "ಇರಲಿ ಬಿಡು."

ಮ್ಯಾಪನ್ನು ಮೆಲ್ಲಗೆ ಸುರುಳಿ ಸುತ್ತಿ ಡಬ್ಬಿಗೆ ಹಾಕಿದಳು. ಪಕ್ಕದಲ್ಲಿ ಹೊಸ ಮ್ಯಾಪು ಬೆಳ್ಳಗೆ, ಗರಿಗರಿಯಾಗಿ ಹಾಗೆಯೇ ಇತ್ತು. ಪಾಪ, ಅದು ಇನ್ನೂ ಒಂದು ಬೆಟ್ಟವನ್ನೂ ಹತ್ತಿರಲಿಲ್ಲ.